ಹಳೆಯ ಗಣಕಕ್ಕೊಬ್ಬ ಕಿಲಾರಿ

ಗೌರಸಮುದ್ರವೆಂದೊಡನೆ ಚಳ್ಳಕೆರೆ ಸೀಮೆಯವರ ಮನಸ್ಸಿಗೆ ಮೊದಲು ಬರುವವಳು ಮಾರಮ್ಮ. ಭಾದ್ರಪದದ ಜಾತ್ರೆಯಲ್ಲಿ ತುಮಲಿನ ಬಯಲಿನಲ್ಲಿ ಜನ ಕಿಕ್ಕಿರಿದು ನೆರೆದು, ಹರಕೆಯ ಈರುಳ್ಳಿಯನ್ನು ತೂರುವ ನೋಟವನ್ನು ಒಮ್ಮೆ ಕಂಡವರು ಆ ಊರನ್ನು ಮರೆಯಲಾರರು. ಆದರೆ ನಾನು ಈಗ ಹೇಳಹೊರಟಿರುವುದು ಜಾತ್ರೆಯ ವಿಷಯವನ್ನಲ್ಲ. ಅದೇ ಊರಿನ ಮನೆಯೊಂದರ ಪಡಸಾಲೆಯಲ್ಲಿ, ಹಳೆಯ ಸೀರೆಯೊಂದನ್ನು ಹೊದ್ದು ಮೂಲೆ ಸೇರಿದ್ದ ಕಂಪ್ಯೂಟರಿನ ಸಂಗತಿಯನ್ನು. ಕನ್ನಡ ಪಾಠ ಹೇಳುವವನಿಗೆ ಕಂಪ್ಯೂಟರಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನನ್ನ ಗೊಡವೆ ಯಂತ್ರದ್ದಲ್ಲ. ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದ ಕನ್ನಡದ್ದು.

ಮನೆಯ ಯಜಮಾನರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಸಾವಿರಾರು ಪದಗಳನ್ನು ನಾಲಗೆಯ ಮೇಲೆಯೇ ಇಟ್ಟುಕೊಂಡಿದ್ದ ಸಿರಿಯಜ್ಜಿಯಂಥವರು ಬಾಳಿದ ಸೀಮೆ ಇದು. ಆ ಸಂಪತ್ತಿನಲ್ಲಿ ತಮ್ಮ ಪಾಲಿಗೆ ದಕ್ಕಿದಷ್ಟನ್ನಾದರೂ ಉಳಿಸಬೇಕೆಂದು ಮೇಷ್ಟರು ಸುತ್ತಣ ಹಟ್ಟಿಗಳ ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡು, 2008ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಒಂದು ಬೆರಳಿನಿಂದ ಕುಟ್ಟಿ ಕುಟ್ಟಿ ತುಂಬಿದ್ದರು. ಕೈಬರಹದ ಪುಸ್ತಕಗಳಲ್ಲಿ ಅರ್ಧದಷ್ಟನ್ನು ಗೆದ್ದಲು ತಿಂದಿತು. ಹಾಡಿದವರಲ್ಲಿಯೂ ಹಲವರು ಈಗಿಲ್ಲ. ಹೀಗಿರಲು ಒಂದು ದಿನ ಯಂತ್ರ ನೀಲಿ ಪರದೆಯನ್ನು ತೋರಿಸಿ ನಿಂತುಬಿಟ್ಟಿತು. ಪೇಟೆಯ ಅಂಗಡಿಯವನು ಎತ್ತಿ ನೋಡಿ, "ಇದರ ಕಾಲ ಮುಗಿಯಿತು, ಹೊಸದು ತನ್ನಿ" ಎಂದನಂತೆ.

ಕಾಲ ಮುಗಿದದ್ದು ಯಾವುದರದು ಎಂಬುದೇ ಪ್ರಶ್ನೆ. ಯಂತ್ರ ಬೇರೆ, ಅದನ್ನು ನಡೆಸುವ ಕಾರ್ಯವ್ಯವಸ್ಥೆ ಬೇರೆ. ಆ ಗಣಕದಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ ಅದನ್ನು ಮಾಡಿದವರ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. 11ನೆಯದು ಇಂಥ ಹಳೆಯ ಯಂತ್ರಗಳನ್ನು ಹೊಸ್ತಿಲೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಎಲುಬು ಗಟ್ಟಿಯಾಗಿಯೇ ಇದ್ದು ಉಸಿರು ಮಾತ್ರ ನಿಂತ ಸ್ಥಿತಿ. ಬೇರೊಂದು ಉಸಿರನ್ನು ತುಂಬಿ ನೋಡೋಣವೆಂದು, ಈಗ ರಿಪೇರಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಒಂದು ಶನಿವಾರ ಗೌರಸಮುದ್ರಕ್ಕೆ ಹೋದೆ. ಅವನ ಜೇಬಿನಲ್ಲಿ ಲಿನಕ್ಸ್ ತುಂಬಿದ ಹೆಬ್ಬೆರಳುದ್ದದ ಪೆನ್‌ಡ್ರೈವ್ ಇತ್ತು.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಲೋಕಕ್ಕೆ ಪ್ರಕಟಿಸಿದ್ದು 1991ರಲ್ಲಿ. ಕನ್ನಡ ಲಿಪಿಗೆ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ದೊರೆತುದೂ ಅದೇ ವರ್ಷ. ಲಿನಕ್ಸಿನ ಮೂಲಪಾಠ ಎಲ್ಲರಿಗೂ ತೆರೆದದ್ದು. ಬಲ್ಲವರು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಷ್ಟು ಎಲ್ಲರೂ ಹೇಳುವ ಮಾತು. ಆದರೆ ಹಳೆಯ ಯಂತ್ರಕ್ಕೆ ಇದರಿಂದ ಏನು ಲಾಭವೆಂಬುದನ್ನು ತಿಳಿಯಬೇಕಾದರೆ ನಮ್ಮ ಕಡೆಯ ದೇವರ ಎತ್ತುಗಳನ್ನು ನೆನೆಯಬೇಕು.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರೂ ಕಾಡುಗೊಲ್ಲರೂ ದೇವರ ಹೆಸರಿಗೆ ಬಿಟ್ಟ ದನಗಳನ್ನು ಸಾಕುವುದುಂಟು. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಮುದಿಯಾದರೆ ಕಟುಕರಿಗೆ ಕೊಡುವ ಮಾತಂತೂ ಇಲ್ಲವೇ ಇಲ್ಲ. ಅವುಗಳ ಹಿಂದೆ ಕಿಲಾರಿ ಇರುತ್ತಾನೆ. ಯಾವ ಹಸುವಿಗೆ ಯಾವ ಹುಲ್ಲು ಆಗದು, ಯಾವ ಹೋರಿ ಯಾವ ದನಿಗೆ ತಿರುಗುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಕಂಪ್ಯೂಟರಿನ ಪ್ರತಿಯೊಂದು ಅಂಗಕ್ಕೂ ಇಂಥ ಒಬ್ಬ ಕಿಲಾರಿ ಬೇಕು. ಚಿತ್ರ ಮೂಡಿಸುವ ಚಿಪ್ಪಿಗೊಬ್ಬ, ಸದ್ದು ಹೊರಡಿಸುವುದಕ್ಕೊಬ್ಬ, ಜಾಲಕ್ಕೆ ಸೇರಿಸುವ ತುಂಡಿಗೊಬ್ಬ. ಆ ಅಂಗದ ಭಾಷೆಯನ್ನು ಬಲ್ಲ ಈ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಕಂಪನಿಯ ಗುಟ್ಟಿನ ಡ್ರೈವರ್ ಆದರೆ, ಕಂಪನಿ ಕೈಬಿಟ್ಟ ದಿನವೇ ಅದು ಅನಾಥ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಮೂಲದೊಳಗೇ ಸೇರಿಕೊಂಡು, ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರ ಪಾಲನೆಯಲ್ಲಿರುತ್ತವೆ. ಹದಿನೆಂಟು ವರ್ಷದ ಯಂತ್ರವೂ ಎದ್ದು ಕೂರುವ ಗುಟ್ಟು ಇದು.

ಕೆಲಸಕ್ಕೆ ಬರೋಣ. ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿದೆವು. ಒಳಗಿನ ಹಾರ್ಡ್ ಡಿಸ್ಕನ್ನು ಮುಟ್ಟಬೇಕಾಗಿಯೇ ಬರಲಿಲ್ಲ. ಹಳೆಯ ಗಣಕದವರಿಗೆ ನಾನು ಕೊಡಬಹುದಾದ ಸಲಹೆ ಇದೊಂದೇ: ಹಾಕುವ ಮೊದಲು ಹೀಗೆ ಎಬ್ಬಿಸಿ ನೋಡಿ. ಹಿಡಿಸಿತೋ ಇಲ್ಲವೋ ಹತ್ತು ನಿಮಿಷದಲ್ಲಿ ತಿಳಿಯುತ್ತದೆ, ನಷ್ಟವೇನೂ ಇಲ್ಲ. ಪರದೆ ಬೆಳಗಿತು, ಸದ್ದು ಬಂತು. ಒಂದು ಆಜ್ಞೆಯನ್ನು ಕೊಟ್ಟರೆ ಒಳಗಿನ ಅಂಗಗಳೆಲ್ಲ ತಮ್ಮ ತಮ್ಮ ಕುಲಗೋತ್ರ ಹೇಳಿಕೊಂಡವು. ಪ್ರತಿಯೊಂದಕ್ಕೂ ಒಂದು ಸಂಖ್ಯೆಯುಂಟು. ಇಂಟೆಲ್ ವಂಶದವಕ್ಕೆ 8086 ಎಂಬ ಗುರುತು. ಆ ಕಂಪನಿಯ ಪ್ರಸಿದ್ಧ ಪೂರ್ವಜ ಚಿಪ್ಪಿನ ಹೆಸರೇ ಅದು. ಯಂತ್ರಗಳಿಗೂ ಬೆಡಗು ಇರುವುದನ್ನು ಕಂಡು ನನಗೆ ನಗೆ ಬಂತು.

ಕಾಡಿದ್ದು ಮಾತ್ರ ಕ್ಷುಲ್ಲಕ ಕಾರಣ. ಜಾಲತಾಣ ಯಾವುದೂ ತೆರೆಯಲೊಲ್ಲದು. ಎಲ್ಲವೂ ಅಪನಂಬಿಕೆಯ ಮಾತನ್ನೇ ಆಡುತ್ತಿದ್ದವು. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗಡಿಯಾರದತ್ತ ಕಣ್ಣು ಹೋಯಿತು. ಯಂತ್ರದ ಪಾಲಿಗೆ ಅಂದು 2008ರ ಜನವರಿ 1! ಒಳಗಿನ ನಾಣ್ಯದಾಕಾರದ ಬ್ಯಾಟರಿ ಎಂದೋ ಸತ್ತಿತ್ತು. ತಾಣಗಳು ತೋರಿಸುವ ಪ್ರಮಾಣಪತ್ರಗಳೆಲ್ಲ ಆ ಯಂತ್ರದ ದೃಷ್ಟಿಯಲ್ಲಿ ಇನ್ನೂ ಹುಟ್ಟದಿರುವವು. ಹುಟ್ಟದವನ ಸಾಕ್ಷಿಯನ್ನು ಯಾರು ನಂಬುತ್ತಾರೆ? ಅಂಗಡಿಯಿಂದ ತಂದ ಬ್ಯಾಟರಿಯೊಂದರಿಂದ ಹದಿನೆಂಟು ವರ್ಷ ಒಂದೇ ನೆಗೆತಕ್ಕೆ ದಾಟಿದೆವು. ಆಮೇಲೆ ಡೆಬಿಯನ್ ಎಂಬ ಬಗೆಯ ಲಿನಕ್ಸಿನ 13ನೆಯ ಆವೃತ್ತಿಯನ್ನು, ಹಗುರವಾದ ಎಕ್ಸ್‌ಎಫ್‌ಸಿಇ ಮೇಜಿನೊಡನೆ ಹಾಕಿದೆವು. ಎರಡು ಗಿಗಾಬೈಟ್ ಸ್ಮರಣಶಕ್ತಿಗೆ ಬರಹದ ಕೆಲಸ ಧಾರಾಳ. ಜಾಲತಾಣಗಳನ್ನು ಹತ್ತೆಂಟು ತೆರೆದರೆ ಮಾತ್ರ ಏದುಸಿರು ಬಿಡುತ್ತದೆ. ಅದು ಲಿನಕ್ಸಿನ ತಪ್ಪಲ್ಲ, ಈ ಕಾಲದ ಜಾಲತಾಣಗಳ ಹೊಟ್ಟೆಬಾಕತನ.

ಎಲ್ಲವೂ ಸುಗಮವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೇಷ್ಟರ ಸೋದರಳಿಯ ತಾನೂ ಒಂದು ಯಂತ್ರವನ್ನು ಹೊತ್ತು ತಂದ. ಅದು 2004ರ ಸುಮಾರಿನದು, 32 ಬಿಟ್‌ನದು. 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಸ್ಥಾಪಕವನ್ನೇ ಕೊಡುವುದಿಲ್ಲ. 2023ರ 12ನೆಯದನ್ನು ಹಾಕಿಕೊಟ್ಟೆವು. ಎಷ್ಟು ದಿನದ ಮಾತೋ. ಉಬುಂಟು 2017ರಲ್ಲಿಯೇ ತನ್ನ ಮುಖ್ಯ ಆವೃತ್ತಿಯಲ್ಲಿ ಆ ಬಾಗಿಲನ್ನು ಮುಚ್ಚಿತು. ಟೊರ್ವಾಲ್ಡ್ಸರು ಲಿನಕ್ಸನ್ನು ಬರೆದದ್ದೇ 386 ಎಂಬ ಚಿಪ್ಪಿಗಾಗಿ; 2013ರ 3.8ನೆಯ ಆವೃತ್ತಿಯಿಂದ ಅದೇ ಚಿಪ್ಪನ್ನು ಕೈಬಿಟ್ಟರು, ಕಣ್ಣೀರನ್ನೇನೂ ಸುರಿಸಲಿಲ್ಲ. ಮೂಲಪಾಠ ತೆರೆದಿದ್ದ ಮಾತ್ರಕ್ಕೆ ಕಿಲಾರಿ ಇದ್ದೇ ಇರುತ್ತಾನೆಂಬ ಭರವಸೆಯಿಲ್ಲ. ಬರಗಾಲದಲ್ಲಿ ಮೇವಿಲ್ಲದೆ ಕಿಲಾರಿಗಳು ಕೈಚಾಚಿ ನಿಂತದ್ದನ್ನು ಕಂಡ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪ್ರಿಂಟರ್. ಹೆಸರು ಬೇಡ. ಅದರ ಮಾತು ಅದನ್ನು ಮಾಡಿದವರಿಗಲ್ಲದೆ ಬೇರೆಯವರಿಗೆ ತಿಳಿಯದು. ಮಧ್ಯಾಹ್ನವಿಡೀ ಹೆಣಗಿದರೂ ಒಂದು ಹಾಳೆಯನ್ನು ಉಗುಳಲಿಲ್ಲ. ಕಂಪ್ಯೂಟರಿನ ಮೇಲಿಂದ ತೆಗೆದ ಸೀರೆಯನ್ನು ಮೇಷ್ಟರು ಮರುಮಾತಿಲ್ಲದೆ ಅದಕ್ಕೆ ಹೊದಿಸಿದರು.

ಒಬ್ಬಿಬ್ಬರ ಹವ್ಯಾಸಕ್ಕೆ ಬಿಟ್ಟರೆ ಇದು ಇಷ್ಟೇ ದೂರ ನಡೆಯುತ್ತದೆ. ಹಲವರು ಕೈಹಾಕಿದ ಕಡೆ ಬೇರೆಯೇ ಕಾಣುತ್ತದೆ. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳಗೇರಿಯಲ್ಲಿ ತೆರೆದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ, ಯಾರೋ ಕೊಟ್ಟ ಹಳೆಯ ಯಂತ್ರಗಳಿಗೆ ಲಿನಕ್ಸ್ ತುಂಬಿ ಅಲ್ಲಿಯ ಹುಡುಗರು ಚಿತ್ರ ಬರೆಯುವುದನ್ನು ಕಲಿತರು. ಗಡಿಯಾಚೆಯ ಕಾಸರಗೋಡಿನಲ್ಲಿ ಈ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಶಾಲೆಗಳಿಗೆಂದೇ ಹೊಂದಿಸಿದ ಲಿನಕ್ಸನ್ನು ಒದಗಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ಉಂಟು. ನಮ್ಮ ಊರಿನಿಂದ ಹೆಚ್ಚು ದೂರವಿಲ್ಲದ ಕುದಾಪುರದ ಕಾವಲಿನಲ್ಲಿ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಸಿವೆ. ಇತ್ತ ನಮ್ಮ ಶಾಲೆಗಳ ಬೀಗ ಹಾಕಿದ ಕೋಣೆಗಳಲ್ಲಿ ಹಳೆಯ ಗಣಕಗಳು ಧೂಳು ತಿನ್ನುತ್ತಿವೆ. ಈ ಮಾತನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆಂದರೂ ಅಡ್ಡಿಯಿಲ್ಲ.

ಮೇಷ್ಟರ ಹಾಡುಗಳು ಏನಾದವೆಂದು ಹೇಳುವುದು ಉಳಿಯಿತು. ಕಡತಗಳೆಲ್ಲ ಸಿಕ್ಕವು, ಒಂದೂ ಕಳೆದಿರಲಿಲ್ಲ; ತೆರೆದರೆ ಕನ್ನಡವೇ ಇಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಮುದ್ರೆ ಇಲ್ಲದೆಡೆ ಕನ್ನಡವೂ ಇಲ್ಲ. ಕನ್ನಡದ ಉತ್ಸಾಹಿಗಳು ಬರೆದು ಹಂಚಿದ ಪರಿವರ್ತಕವೊಂದರಿಂದ ಅದನ್ನು ಯೂನಿಕೋಡಿಗೆ ತಂದೆವು. ಪರದೆಯ ಮೇಲೆ ಹಾಡುಗಳು ಮತ್ತೆ ಕನ್ನಡವಾಗಿ ಎದ್ದಾಗ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನವಿಲು, ಗುಬ್ಬಿ ಎಂಬ ಹೆಸರಿನ ಮುಕ್ತ ಅಕ್ಷರಗಳು ಡೆಬಿಯನ್ನಿನ ಭಂಡಾರದಲ್ಲಿಯೇ ಇವೆ. ಅವರಿಗೆ ನವಿಲು ಹಿಡಿಸಿತು. ಅವರ ಬೆರಳಿಗೆ ರೂಢಿಯಾಗಿದ್ದ ಕಗಪ ಕೀಲಿಮಣೆಯ ವಿನ್ಯಾಸವೂ ಸಿದ್ಧವಾಗಿತ್ತು.

ಆದರೆ ಅರ್ಕಾವತ್ತು ಕೈಕೊಟ್ಟಿತ್ತು. ಹಳೆಯ ಕ್ರಮದಲ್ಲಿ ಅದು ಅಕ್ಷರದ ಹಿಂದೆ ಬರುತ್ತಿದ್ದುದರಿಂದ ಪರಿವರ್ತಕ ಹಲವೆಡೆ ಎಡವಿ, ಮಾರಮ್ಮನ 'ಮೂರ್ತಿ'ಯನ್ನು 'ಮೂತಿರ್' ಮಾಡಿ ಇಟ್ಟಿತ್ತು. ದೇವಿಯ ಮುಂದೆ ಇಂಥ ಅಪಚಾರ ಸಲ್ಲದೆಂದು ಮೇಷ್ಟರು ಅಂದೇ ತಿದ್ದಲು ಕುಳಿತರು. ಮತ್ತೊಮ್ಮೆ ನಾನು ಹೋದಾಗ ಹಾಡುಗಾರ್ತಿಯರಲ್ಲಿ ಉಳಿದ ಒಬ್ಬ ಮುದುಕಿ ಪಡಸಾಲೆಯ ಕಂಬಕ್ಕೆ ಒರಗಿದ್ದಳು. ಮೇಷ್ಟರು ಪರದೆಯನ್ನು ನೋಡಿ ಒಂದೊಂದೇ ಸಾಲು ಓದುವರು. ಆಕೆ ಕಣ್ಣು ಮುಚ್ಚಿ ಕೇಳಿ, ತಪ್ಪಿದೆಡೆ ಅಂಗೈ ಎತ್ತುವಳು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಆಕೆ ಅಂಗೈ ಎತ್ತಿ, ಇಲ್ಲಿ ಇನ್ನೊಂದು ಸೊಲ್ಲು ಇತ್ತಲ್ಲ, ಬರೆದುಕೊಂಡಿಲ್ಲವೇ ಎಂದು ಕೇಳಿದಳು. ಮೇಷ್ಟರು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.