ಕೈ ಸೋತರೆ ತಪ್ಪು ಎಲ್ಲಿದೆ?

ಕೆಂಗೇರಿಯ ಶಾಲೆಯೊಂದರಲ್ಲಿ ಪಾಠ ನಡೆಯುವಾಗ ಫ್ಯಾನ್ ನಿಂತುಹೋಯಿತು. "ಕರೆಂಟ್ ಹೋಯ್ತು ಸಾರ್" ಎಂದರು ಮಕ್ಕಳು. ಒಬ್ಬ ಹುಡುಗಿ ಮಾತ್ರ, "ಪಕ್ಕದ ಕೋಣೇಲಿ ಫ್ಯಾನ್ ತಿರುಗ್ತಿದೆ. ವೈರ್ ಕೆಟ್ಟಿರಬೇಕು" ಎಂದಳು. ಅವಳ ಮಾತೇ ನಿಜವಾಯಿತು.

ಮಕ್ಕಳೇ, ನಮ್ಮ ದೇಹದಲ್ಲೂ ಹೀಗಾಗುವುದುಂಟು. ನೀವು ಪೆನ್ಸಿಲ್ ಹಿಡಿಯುವಾಗ ಮಿದುಳಿನ ಆಜ್ಞೆ ಮಿದುಳುಬಳ್ಳಿಗೆ ಬಂದು, ನರಗಳ ಮೂಲಕ ಕೈಯ ಸ್ನಾಯುಗಳನ್ನು ತಲುಪುತ್ತದೆ. ಇದನ್ನು ಸಾಗಿಸುವವು ಚಾಲಕ ನರಕೋಶಗಳು. ಈ ಕೋಶಗಳೇ ಸಾಯುತ್ತಾ ಹೋದರೆ ಅದು ಚಾಲಕ ನರಕೋಶ ರೋಗ. ಕರೆಂಟೇ ಹೋದಂತೆ! ಆಗ ಸ್ನಾಯುಗಳು ಸೊರಗುತ್ತವೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಈ ರೋಗವಿದೆಯೆಂದು 1963ರಲ್ಲಿ, ಅವರ 21ನೇ ವಯಸ್ಸಿನಲ್ಲಿ, ತಿಳಿಯಿತು. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ.

ಆದರೆ ಕೈ ಸೋತವರಿಗೆಲ್ಲ ಇದೇ ರೋಗವಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ರೋಗವನ್ನು ವಿವರಿಸಿ, ಅದಕ್ಕೆ 'ಮೊನೊಮೆಲಿಕ್ ಅಮಯೋಟ್ರಫಿ' ಎಂದು ಹೆಸರಿಟ್ಟರು. ಇದು ಸಾಮಾನ್ಯವಾಗಿ ಕೆಲವು ವರ್ಷ ಹೆಚ್ಚಾಗಿ, ಆಮೇಲೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ರೋಗ 'ಮಲ್ಟಿಫೋಕಲ್ ಮೋಟಾರ್ ನ್ಯೂರೋಪಥಿ'. ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ. ರೋಗಾಣುಗಳನ್ನು ಗುರುತಿಸಿ ಹಿಡಿಯುವುದು ಅವುಗಳ ಕೆಲಸ. ಈ ರೋಗದಲ್ಲಾದರೋ ಅನೇಕರ ಪ್ರತಿಕಾಯಗಳು ನರದ ಮೇಲಿರುವ ಜಿಎಂ-1 ಎಂಬ ಅಣುವನ್ನೇ ಹಿಡಿದುಕೊಳ್ಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ನರದ ನಡುವೆ ಆಜ್ಞೆಗೆ ತಡೆಯಾಗುತ್ತದೆ. ಇಂಥವು ಸ್ವಯಂ ನಿರೋಧಕ ರೋಗಗಳು.

ಎರಡರಲ್ಲೂ ಕೈ ಸೋಲುತ್ತದೆ. ಹಾಗಾದರೆ ಗುರುತಿಸುವುದು ಹೇಗೆ? ವೈದ್ಯರು ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಅದು ಎಲ್ಲಿ ತಡೆಯುತ್ತದೆಂದು ನೋಡುತ್ತಾರೆ. ರಕ್ತದಲ್ಲಿ ಆ ಪ್ರತಿಕಾಯಗಳನ್ನೂ ಹುಡುಕುತ್ತಾರೆ. ತಡೆ ಸಿಕ್ಕಿದರೆ ಚಿಕಿತ್ಸೆಯುಂಟು. ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿದ ಒಳ್ಳೆಯ ಪ್ರತಿಕಾಯಗಳನ್ನು ರೋಗಿಯ ರಕ್ತನಾಳಕ್ಕೆ ಕೊಡುತ್ತಾರೆ. ಹೆಚ್ಚಿನವರ ಕೈಗೆ ಬಲ ಮರಳುತ್ತದೆ. ಆದರೆ ಆಗಾಗ ಕೊಡುತ್ತಿರಬೇಕು.

ಚಾಲಕ ನರಕೋಶ ರೋಗಕ್ಕೂ ಪ್ರತಿಕಾಯಗಳೇ ಕಾರಣವಿರಬಹುದೆಂದು ವಿಜ್ಞಾನಿಗಳು ಪರೀಕ್ಷಿಸಿದರು. ಆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದ ಆ ರೋಗಿಗಳಿಗೆ ಪ್ರಯೋಜನವಾಗಲಿಲ್ಲ. ಅದಕ್ಕೇ ಯಾವ ರೋಗವೆಂದು ಸರಿಯಾಗಿ ತಿಳಿಯುವುದು ಬಹಳ ಮುಖ್ಯ.

ಈ ರೋಗಗಳು ಮುಟ್ಟಿದರೆ ಅಂಟುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಗಿಯ ಗುಂಡಿ ಹಾಕಲು, ಬೀಗ ತಿರುಗಿಸಲು ಕೈ ಸೋಲುತ್ತಿದ್ದರೆ 'ಗ್ರಹಚಾರ' ಎಂದು ಸುಮ್ಮನಿರಬೇಡಿ. "ಡಾಕ್ಟರಿಗೆ ತೋರಿಸೋಣ" ಎಂದು ಹೇಳಿ. ಕೆಟ್ಟಿರುವುದು ವೈರ್ ಮಾತ್ರ ಇರಬಹುದು!