ಕೂದಲು ಉದುರುವುದೇಕೆ? ನೆತ್ತಿಯ ಚರ್ಮವೇ ಹೇಳುತ್ತದೆ!

ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯ ತುಂಬ ಕೂದಲು ಬಂದರೆ ಯಾರ ಎದೆ ತಾನೆ ಧಸಕ್ಕೆನ್ನದು? ಅಜ್ಜಿ ಗರುಗದ ಸೊಪ್ಪಿನ ಎಣ್ಣೆ ಕಾಯಿಸುತ್ತಾರೆ. ನೆರೆಮನೆಯವರು ದಾಸವಾಳದ ಎಲೆ ಅರೆದು ಹಚ್ಚೆನ್ನುತ್ತಾರೆ. ಆದರೆ ಎಲ್ಲರ ಕೂದಲೂ ಒಂದೇ ಕಾರಣಕ್ಕೆ ಉದುರುವುದಿಲ್ಲ. ಕಾರಣವರಿಯದೆ ಮಾಡುವ ಚಿಕಿತ್ಸೆ ಕತ್ತಲಲ್ಲಿ ಕಲ್ಲೆಸೆದಂತೆ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ, ಬಳಿಕ ಕಳಚಿ ಬೀಳುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ.

ಬಹುಮಟ್ಟಿಗೆ ವೈದ್ಯರು ನೋಡಿಯೇ ಕಾರಣ ಊಹಿಸಬಲ್ಲರು. ಸಂದೇಹವುಂಟಾದಾಗ ನೆರವಿಗೆ ಬರುವುದೇ ನೆತ್ತಿಯ ಬಯಾಪ್ಸಿ. ಹೆದರಬೇಕಾದುದಿಲ್ಲ. ಚುಚ್ಚುಮದ್ದಿನಿಂದ ಆ ಜಾಗವನ್ನು ಮರಗಟ್ಟಿಸಿ, ಸಾಮಾನ್ಯವಾಗಿ 4 ಮಿಲಿಮೀಟರ್ ಅಗಲದ ದುಂಡಲಗಿನ ಉಪಕರಣದಿಂದ, ಕೂದಲ ಬೇರಿರುವ ಕೊಬ್ಬಿನ ಪದರದವರೆಗೆ ಚರ್ಮದ ಚೂರೊಂದನ್ನು ತೆಗೆಯುತ್ತಾರೆ. ಒಂದೆರಡು ಹೊಲಿಗೆ ಹಾಕಿದರೆ ಮುಗಿಯಿತು.

ಈ ಚೂರನ್ನು ಉದ್ದಕ್ಕೆ ಸೀಳಿದರೆ ಕೆಲವೇ ಕೂದಲ ಬುಡಗಳು ಕಾಣುತ್ತವೆ. ಕಬ್ಬಿನ ಕಟ್ಟನ್ನು ಅಡ್ಡ ಕತ್ತರಿಸಿದರೆ ಜಲ್ಲೆಗಳನ್ನೆಲ್ಲ ಎಣಿಸಬಹುದಲ್ಲವೆ? ಹಾಗೆಯೇ ಚರ್ಮವನ್ನು ಅಡ್ಡಲಾಗಿ ಸೀಳಿದಾಗ ಬುಡಗಳೆಲ್ಲವೂ ಒಮ್ಮೆಗೇ ಕಾಣುತ್ತವೆ. ಈ ಕ್ರಮದ ಮಹತ್ವವನ್ನು 1984ರಲ್ಲಿ ಎತ್ತಿ ತೋರಿದವರು ಅಮೆರಿಕದ ಜಾನ್ ಹೆಡಿಂಗ್ಟನ್.

ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದು ರೋಗಕ್ಕೂ ಒಂದೊಂದು ಮುಖ. ವಂಶಪಾರಂಪರ್ಯದ ಬೋಳಿನಲ್ಲಿ ದಪ್ಪ ಕೂದಲುಗಳು ಕುಗ್ಗಿ ನವಿರಾಗಿರುತ್ತವೆ. ವಿಷಮಶೀತಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಉದುರುವಾಗ, ವಿಶ್ರಾಂತಿಯಲ್ಲಿರುವ ಕೂದಲುಗಳೇ ಹೆಚ್ಚು. ಇವು ಸಾಮಾನ್ಯವಾಗಿ ಮರಳಿ ಹುಟ್ಟುತ್ತವೆ. ನಾಣ್ಯದಗಲ ಉದುರುವ ರೋಗದಲ್ಲಿ, ಬಿಳಿಯ ರಕ್ತಕಣಗಳು ಕೂದಲ ಬೇರಿಗೆ ಜೇನುನೊಣಗಳಂತೆ ಮುತ್ತಿರುತ್ತವೆ. ಆದರೂ ಬೇರು ಸತ್ತಿರುವುದಿಲ್ಲ, ಆಸೆಯುಂಟು.

ನಿಜವಾದ ಅಪಾಯವಿರುವುದು ಕಲೆಗಟ್ಟುವ ಬಗೆಯಲ್ಲಿ. ಇಲ್ಲಿ ಉರಿಯೂತವು ಕೂದಲ ಬುಡವನ್ನೇ ನಾಶಮಾಡಿ, ಅಲ್ಲಿ ಗಾಯದ ಕಲೆಯನ್ನು ಬಿಡುತ್ತದೆ. ಹೋದ ಕೂದಲು ಮತ್ತೆ ಹುಟ್ಟದು. ಉಳಿದುದನ್ನು ಕಾಪಾಡುವುದಷ್ಟೇ ಚಿಕಿತ್ಸೆಯ ಗುರಿ. ಆದ್ದರಿಂದಲೇ ವೈದ್ಯರು ಪೂರ್ತಿ ಬೋಳಾದ ನಡುಭಾಗವನ್ನು ಬಿಟ್ಟು, ರೋಗವಿನ್ನೂ ಹಬ್ಬುತ್ತಿರುವ, ಕೂದಲುಳಿದಿರುವ ಅಂಚಿನಿಂದ ಚೂರನ್ನು ತೆಗೆಯುತ್ತಾರೆ. ಸುಟ್ಟ ಮನೆಯ ಬೂದಿಗಿಂತ ಉರಿಯುತ್ತಿರುವ ತೊಲೆಯೇ ಬೆಂಕಿಯ ಕಥೆಯನ್ನು ಚೆನ್ನಾಗಿ ಹೇಳುತ್ತದೆ.

ನೆತ್ತಿಯಲ್ಲಿ ಉರಿ, ನೋವು, ಕೆಂಪು ಕಾಣಿಸಿಕೊಂಡು, ಬೋಳಾದ ಚರ್ಮ ರಂಧ್ರಗಳಿಲ್ಲದೆ ನುಣುಪಾಗುತ್ತಿದ್ದರೆ ಎಣ್ಣೆಯ ಸೀಸೆಯನ್ನು ಬದಿಗಿಡಿ. ತಡಮಾಡದೆ ಚರ್ಮವೈದ್ಯರನ್ನು ಕಾಣಿರಿ. ಅಲ್ಲಿ ಕಳೆದ ತಿಂಗಳುಗಳ ಜೊತೆಗೆ ಕೂದಲೂ ಕಳೆದುಹೋಗುತ್ತದೆ.