ಬಿಸಿ ಹುಟ್ಟುವ ಎಡೆ, ಬಿಸಿ ಹೊರಡುವ ದಾರಿ

ಸುಮ್ಮನೆ ತೆರೆದಿಟ್ಟ ಲ್ಯಾಪ್‌ಟಾಪು ಇದ್ದಕ್ಕಿದ್ದಂತೆ ಭೋರ್ಗರೆಯತೊಡಗಿ, ಅಂಗೈ ಊರುವ ಎಡೆಯೆಲ್ಲ ಕಾದು, ಪರದೆಯ ಮೇಲಿನ ಬಾಣವು ತಡವರಿಸಿ ಚಲಿಸುವಂತಾದಾಗ, ಜನರು ಮೊದಲು ದೂರುವುದು ಒಳಗಿನ ಫ್ಯಾನನ್ನು. ಫ್ಯಾನು ನಿರಪರಾಧಿ. ಪ್ರೊಸೆಸರು ಹೀರಿದ ವಿದ್ಯುತ್ತು ಲೆಕ್ಕಾಚಾರದ ಕಾರ್ಯವನ್ನು ನಡೆಸಿ ಕಟ್ಟಕಡೆಗೆ ಹೆಚ್ಚುಕಡಮೆ ಪೂರ್ಣವಾಗಿ ಉಷ್ಣವಾಗಿಯೇ ಪರಿಣಮಿಸತಕ್ಕುದಾದುದರಿಂದ, ಉಗುರಿನಷ್ಟಗಲದ ಸಿಲಿಕಾನ್ ತುಣುಕಿನಲ್ಲಿ ಹುಟ್ಟುವ ಹದಿನೈದೋ ನಲವತ್ತೈದೋ ವ್ಯಾಟುಗಳ ಶಾಖವನ್ನು ಯಾರಾದರೂ ಹೊರಕ್ಕೆ ಅಟ್ಟಲೇಬೇಕು.

ಆದುದರಿಂದ ಮೊದಲು ವಿಚಾರಿಸತಕ್ಕುದು ಇದು: ಬಿಸಿ ಅಧಿಕವಾಗಿ ಹುಟ್ಟುತ್ತಿದೆಯೋ, ಹುಟ್ಟಿದ ಬಿಸಿ ಹೊರಡಲು ದಾರಿ ಕಾಣದೆ ನಿಂತಿದೆಯೋ? ಅಡಿಗೆಮನೆಯಲ್ಲಿ ಹೊಗೆ ತುಂಬಿದರೆ, ಒಲೆಗೆ ಹಸಿಸೌದೆ ತುರುಕಿದ್ದಾರೆಯೋ ಹೊಗೆಗೂಡಿಗೆ ಇಲ್ಲಣ ಕಟ್ಟಿದೆಯೋ ಎಂದು ಹಿರಿಯರು ನೋಡುತ್ತಿದ್ದರಷ್ಟೆ. ಇಲ್ಲಿಯೂ ಅದೇ ಕ್ರಮ. ಈ ವಿವೇಚನೆಯಿಲ್ಲದೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿಸಿಯೋ, ಕಡೆಗೆ ಯಂತ್ರವನ್ನೇ ಮಾರಿಯೋ ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವವರನ್ನು ಕಂಡಾಗ ನನಗೆ ಖೇದವಾಗುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು ಎಂಬ ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದೊಡನೆ, ಪ್ರೊಸೆಸರನ್ನು ಎಲ್ಲಕ್ಕಿಂತ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಮು ಪಟ್ಟಿಯ ನೆತ್ತಿಗೆ ಬರುತ್ತದೆ. ತೆರೆದ ಕ್ಷಣದ ಅಂಕಿಯನ್ನು ನಂಬಲಾಗದು, ಒಂದೆರಡು ನಿಮಿಷ ಕಾಯಬೇಕು. ‘ಸಿಸ್ಟಮ್ ಐಡಲ್ ಪ್ರೊಸೆಸ್’ ಎಂಬುದರ ಎದುರು 95 ಎಂದಿರುವುದನ್ನು ಕಂಡು ಗಾಬರಿಗೊಳ್ಳುವವರುಂಟು. ಅದು ಪ್ರೊಸೆಸರಿನ ಬಿಡುವಿನ ಪ್ರಮಾಣ. ‘ಆ್ಯಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟೆಬಲ್’ ಮೇಲಿದ್ದರೆ ವಿಂಡೋಸಿನ ಕಾವಲುಗಾರನಾದ ಡಿಫೆಂಡರ್ ವೈರಸ್ ತಪಾಸಣೆಯಲ್ಲಿ ತೊಡಗಿದೆಯೆಂದು ತಿಳಿಯಬಹುದು. ದೊಡ್ಡ ಅಪ್‌ಡೇಟಿನ ತರುವಾಯ ಫೈಲುಗಳ ಸೂಚಿಯನ್ನು ಮರಳಿ ಕಟ್ಟುವ ಕಾರ್ಯವೂ ಕೆಲಕಾಲ ನಡೆಯುವುದುಂಟು. ಇಂಥವನ್ನು ನಡುವೆ ನಿಲ್ಲಿಸುವುದಕ್ಕಿಂತ, ಚಾರ್ಜರಿಗೆ ಹಾಕಿ ಮುಗಿಯಲು ಬಿಡುವುದೇ ಲೇಸು.

ಬಹುತೇಕ ಸಂದರ್ಭಗಳಲ್ಲಿ ಮೇಲೆ ಕಾಣುವುದು ಬ್ರೌಸರು. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ, ತೆರೆದಿಟ್ಟ ಟ್ಯಾಬುಗಳಲ್ಲಿ ಯಾವುದು ಎಷ್ಟು ತಿನ್ನುತ್ತಿದೆಯೆಂಬುದು ಬಿಡಿಬಿಡಿಯಾಗಿ ಗೋಚರಿಸುತ್ತದೆ. ಕಾಯಿನ್‌ಹೈವ್ ಎಂಬ ಸೇವೆ 2017ರಿಂದ 2019ರವರೆಗೆ, ಜಾಲತಾಣಕ್ಕೆ ಬಂದವರ ಪ್ರೊಸೆಸರನ್ನು, ಎಷ್ಟೋ ಸಲ ಅವರ ಅರಿವಿಗೇ ಬಾರದಂತೆ, ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ದುಡಿಸಿತು. ಅಪರಿಚಿತ ಟ್ಯಾಬೊಂದು ಅಕಾರಣವಾಗಿ ದುಡಿಯುತ್ತಿದ್ದರೆ ಅದನ್ನು ನಿಸ್ಸಂಕೋಚವಾಗಿ ಮುಚ್ಚಬೇಕು.

ಪಟ್ಟಿಯಲ್ಲಿ ಯಾವುದೂ ಹೆಚ್ಚು ದುಡಿಯದಿದ್ದರೂ ಫ್ಯಾನು ಬೊಬ್ಬಿರಿಯುತ್ತಿದ್ದರೆ ಸಂದೇಹ ದಾರಿಯ ಕಡೆಗೆ ತಿರುಗಬೇಕು. ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ ಆಗ ಎರಡು ನಿಮಿಷ ಎಳೆದು, ಪ್ರೋಗ್ರಾಮಿನದೇ ತಪ್ಪೆಂಬ ಭ್ರಾಂತಿ ಹುಟ್ಟುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಈಗಿನ ವೇಗವೂ ಮೂಲವೇಗವೂ ಗಿಗಾಹರ್ಟ್ಸ್ ಲೆಕ್ಕದಲ್ಲಿ ಬರೆದಿರುತ್ತವೆ. ಚಾರ್ಜರು ಜೋಡಿಸಿ ಭಾರಿ ಕೆಲಸ ಮಾಡಿಸುವಾಗಲೂ ವೇಗವು ಮೂಲವೇಗಕ್ಕಿಂತ ಬಹಳ ಕೆಳಗೇ ತಂಗಿದ್ದರೆ, ಬಿಸಿಯ ದಾರಿ ಕಟ್ಟಿದೆಯೆಂದು ಬಲವಾಗಿ ಶಂಕಿಸಬಹುದು. ಎಷ್ಟೋ ಮಂದಿ ತೆರೆದೂ ನೋಡದ ಈ ಪುಟವನ್ನೇ ನಾನು ಎಲ್ಲಕ್ಕಿಂತ ಮಿಗಿಲಾಗಿ ನಂಬುತ್ತೇನೆ.

ಆ ದಾರಿಯ ರಚನೆ ಮನೋಹರವಾದುದು. ಪ್ರೊಸೆಸರಿನ ಬೆನ್ನಿಗೆ ಒತ್ತಿದ ಚಪ್ಪಟೆಯಾದ ತಾಮ್ರದ ಕೊಳವೆಯೊಳಗೆ ತುಸುವೇ ನೀರಿದ್ದು, ಕಾದ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಗೆ ಹರಿದು, ಅಲ್ಲಿ ಶಾಖವನ್ನು ಲೋಹದ ತೆಳುಹಲ್ಲುಗಳಿಗೆ ಒಪ್ಪಿಸಿ, ಮರಳಿ ನೀರಾಗಿ ಒಳಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇಂಥ ಕೊಳವೆಯನ್ನು ನಿರ್ಮಿಸಿ ತೋರಿಸಿದರು. ಫ್ಯಾನು ಗಾಳಿ ಊದುವುದು ಆ ಹಲ್ಲುಗಳ ಸಂದಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ರಿಪೇರಿ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಕೆಳಮುಚ್ಚಳ ಬಿಚ್ಚಿ ಫ್ಯಾನನ್ನೆತ್ತಿದಾಗ ಕಂಡೆ: ರೆಕ್ಕೆಗಳ ಮೇಲೆ ತೆಳುಧೂಳು ಮಾತ್ರ; ಹಲ್ಲುಗಳ ಬಾಯಿಗಾದರೋ ನೂಲು, ಕೂದಲು, ಧೂಳು ಹೆಣೆದುಕೊಂಡ ಬೂದುಬಣ್ಣದ ಪದರವೊಂದು ಒತ್ತಾಗಿ ಕೂತಿತ್ತು. ಚಿಮುಟದಿಂದ ಎಳೆದರೆ ಅದು ಇಡಿಯಾಗಿಯೇ ಕಿತ್ತುಬಂತು. ಬ್ಲೋವರ್ ಹಿಡಿಯುವ ಮುನ್ನ ಆತ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅಲುಗದಂತೆ ಒತ್ತಿದ. ಹೊರಗಿನ ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಪ್ರೊಸೆಸರಿನ ಶಾಖವನ್ನು ಕೊಳವೆಗೆ ದಾಟಿಸಲು ನಡುವೆ ಹಚ್ಚಿದ್ದ ಹಳೆಯ ಪೇಸ್ಟು ಒಣಗಿ ಹುಡಿಯಾಗಿತ್ತು. ಅದನ್ನೂ ಒರೆಸಿ ಹೊಸದನ್ನು ಹಚ್ಚಿದ.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಕೋಣೆಯಲ್ಲಿ ಎಷ್ಟು ಶುಚಿಯಾದ ಯಂತ್ರವೂ ಹೆಚ್ಚು ಸದ್ದು ಮಾಡತಕ್ಕುದೇ, ಏಕೆಂದರೆ ಒಳಸೇರುವ ಗಾಳಿಯೇ ಬಿಸಿ. ಹಾಸಿಗೆಯ ಮೇಲೆ ಇಡದೆ, ತಳದ ಕಿಂಡಿಗಳಿಗೆ ಗಾಳಿಯಾಡುವಂತೆ ಗಟ್ಟಿಯಾದ ಹಲಗೆಯ ಮೇಲಿಟ್ಟರೆ ತಕ್ಕಮಟ್ಟಿನ ಉಪಶಮನ ದೊರೆಯುತ್ತದೆ.

ಇಷ್ಟೆಲ್ಲ ಆದ ಮೇಲೂ ಸದ್ದು ನಿಲ್ಲದೆ, ಅದು ಗಾಳಿಯ ಭೋರಾಗಿರದೆ ಕರಕರನೆ ಉಜ್ಜುವ ಸದ್ದಾಗಿದ್ದರೆ, ಬೇರಿಂಗ್ ಸವೆದಿದೆ. ಆಗ ಮಾತ್ರ ಫ್ಯಾನನ್ನು ಬದಲಾಯಿಸಬೇಕು, ಅದೂ ಆ ಮಾದರಿಗೆಂದೇ ತಯಾರಾದ ಫ್ಯಾನನ್ನೇ ತಂದು.